ತೋಳ ಬಂತು ತೋಳ!

ಪತ್ತೇದಾರಿ ಕಾದಂಬರಿಯ ಓದುಗನು ಸಾಲ ಕೊಟ್ಟ ಸಾಹುಕಾರನಿದ್ದಂತೆ. ರಾತ್ರಿಯ ನಿದ್ರೆಯನ್ನೂ ಬೆಳಗಿನ ಕೆಲಸವನ್ನೂ ಮನೆಯವರ ಗೊಣಗಾಟವನ್ನು ಸಹಿಸುವ ತಾಳ್ಮೆಯನ್ನೂ ಆತನು ಗ್ರಂಥಕರ್ತರಿಗೆ ಮುಂಗಡವಾಗಿ ಕೊಟ್ಟುಬಿಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅಸಲೂ ಬಡ್ಡಿಯೂ ಒಟ್ಟಿಗೆ ಕೈಸೇರುವುವೆಂಬುದೇ ಅವನ ಧೈರ್ಯ. ಸಾಮಾಜಿಕ ಕಾದಂಬರಿಯೊಂದು ಸಪ್ಪೆಯಾದರೆ ನಡುವಿನಲ್ಲಿಯೇ ಮುಚ್ಚಿಟ್ಟು ಮಲಗಬಹುದು. ಪತ್ತೇದಾರಿಯಲ್ಲಿ ಆ ಸೌಲಭ್ಯವಿಲ್ಲ. ಅದು ಸಪ್ಪೆಯೆಂದು ತಿಳಿಯುವುದೇ ಕೊನೆಯ ಹಾಳೆಯನ್ನು ಮುಗಿಸಿದ ಮೇಲೆ. ಆ ವೇಳೆಗೆ ಹಾಲಿನವನು ಬಾಗಿಲು ತಟ್ಟುತ್ತಿರುತ್ತಾನೆ.

ಕಳೆದ ವಾರ ಈ ಅಂಕಣಕಾರನಿಗೆ ಒದಗಿದ ಪಾಡು ಇದೇ. ನಮ್ಮ ಬೀದಿಯಲ್ಲಿ ಅರಣ್ಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು 'ರೇಂಜರ್ ಸಾಹೇಬರು'. ಒಂದು ಸಂಜೆ ಅವರು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟು, "ನೋಡಿ ಸ್ವಾಮಿ, ಇದು ನಮ್ಮ ಕಸುಬಿನವರೇ ಬರೆದ ಕಾದಂಬರಿ. ನೀವು ಪತ್ತೇದಾರಿಯಲ್ಲಿ ಪಳಗಿದವರಲ್ಲವೆ? ಕೊನೆಯ ಭಾಗಕ್ಕೆ ಬರುವ ಮುಂಚೆ ಅಪರಾಧಿ ಯಾರೆಂದು ಹೇಳಿಬಿಟ್ಟರೆ ನಮ್ಮ ಮನೆಯಲ್ಲಿ ನಿಮಗೊಂದು ಹೋಳಿಗೆಯ ಊಟ" ಎಂದರು. ಹೋಳಿಗೆಯ ಆಸೆಗೋ ಪ್ರತಿಷ್ಠೆಗೋ, ನಾನು ಒಪ್ಪಿದೆ.

ಪುಸ್ತಕದ ಹೆಸರು 'ವಿಂಟರ್ ಸ್ಟಡಿ'. ಕನ್ನಡದಲ್ಲಿ 'ಚಳಿಗಾಲದ ಅಧ್ಯಯನ' ಎನ್ನಬಹುದು. ಪ್ರಕಟವಾದದ್ದು 2008ರಲ್ಲಿ. ಬರೆದವರು ನೆವಾಡಾ ಬಾರ್ ಎಂಬ ಅಮೆರಿಕದ ಲೇಖಕಿ. ಈಕೆ ಮೊದಲು ರಂಗಭೂಮಿಯಲ್ಲಿ ನಟಿಯಾಗಿದ್ದು, ತರುವಾಯ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ರೇಂಜರ್ ಆಗಿ ಕೆಲಸ ಮಾಡಿದವರು. ಉದ್ಯಾನವೆಂದೊಡನೆ ವಾಚಕರು ಲಾಲ್‌ಬಾಗಿನ ಹೂಪಾತಿಗಳನ್ನು ನೆನೆಯಬಾರದು. ಇವು ನಮ್ಮ ಬಂಡೀಪುರ, ನಾಗರಹೊಳೆಗಳ ಜಾತಿಗೆ ಸೇರಿದ ರಕ್ಷಿತ ಕಾಡುಗಳು. 1993ರಲ್ಲಿ ಬಂದ ಇವರ 'ಟ್ರ್ಯಾಕ್ ಆಫ್ ದ ಕ್ಯಾಟ್' ಎಂಬ ಕಾದಂಬರಿಗೆ ಅಗಾಥಾ ಪ್ರಶಸ್ತಿ ಬಂದಿತು. ಅದರ ನಾಯಿಕೆಯಾದ ಅನ್ನಾ ಪಿಜನ್ ಸಹ ಒಬ್ಬ ರೇಂಜರಳೇ. ಅಂದಿನಿಂದ ಈ ಅನ್ನಾ ಒಂದೊಂದು ಕಾದಂಬರಿಯಲ್ಲಿ ಒಂದೊಂದು ಉದ್ಯಾನಕ್ಕೆ ವರ್ಗವಾಗುತ್ತ, ಹೋದ ಹೋದಲ್ಲಿ ಹೆಣವೊಂದನ್ನು ಕಾಣುತ್ತ ಬಂದಿದ್ದಾಳೆ. ಈಕೆ ತಮ್ಮ ವಲಯಕ್ಕೆ ವರ್ಗವಾಗಿ ಬರುವಳೆಂದು ತಿಳಿದರೆ ತಾವಾದರೆ ದೀರ್ಘ ರಜೆ ಬರೆದುಕೊಡುತ್ತಿದ್ದೆವೆಂದು ರೇಂಜರ್ ಸಾಹೇಬರ ಅಭಿಪ್ರಾಯ.

'ವಿಂಟರ್ ಸ್ಟಡಿ'ಯ ಕಥೆ ನಡೆಯುವುದು ಐಲ್ ರಾಯಲ್ ಎಂಬ ದ್ವೀಪದಲ್ಲಿ. ವಿಸ್ತಾರದಲ್ಲಿ ಪ್ರಪಂಚದ ಸಿಹಿನೀರಿನ ಸರೋವರಗಳಲ್ಲೆಲ್ಲ ಹಿರಿದೆನಿಸಿದ ಸುಪೀರಿಯರ್ ಸರೋವರದಲ್ಲಿ, ಕೆನಡಾದ ಗಡಿಯ ಬಳಿಯಲ್ಲಿ, ಸುಮಾರು 72 ಕಿಲೋಮೀಟರ್ ಉದ್ದಕ್ಕೆ ಚಾಚಿ ಮಲಗಿರುವ ಕಾಡಿನ ದ್ವೀಪವದು. 1940ರಿಂದ ಅದು ರಾಷ್ಟ್ರೀಯ ಉದ್ಯಾನ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಹೋಗುವವರು ತೋಳಗಳನ್ನು ಎಣಿಸುವ ಕೆಲವೇ ವಿಜ್ಞಾನಿಗಳು ಮಾತ್ರ. ಚಕ್ರಕ್ಕೆ ಬದಲಾಗಿ ಜಾರುಪಟ್ಟಿ ಕಟ್ಟಿದ ಪುಟ್ಟ ವಿಮಾನದಲ್ಲಿ ಹಿಮದ ಮೇಲಿಳಿದು, ಏಳೆಂಟು ವಾರ ಅಲ್ಲಿಯೇ ಬೀಡುಬಿಟ್ಟು, ಆಕಾಶದಿಂದ ತೋಳಗಳ ಜಾಡನ್ನು ಹಿಂಬಾಲಿಸುವುದು ಅವರ ಕೆಲಸ. ಈ ಅಧ್ಯಯನ ಕಲ್ಪನೆಯದಲ್ಲ. 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಡರ್ವರ್ಡ್ ಅಲೆನ್ ಅವರು ಪ್ರಾರಂಭಿಸಿದುದು, ಮುಂದೆ ರಾಲ್ಫ್ ಪೀಟರ್ಸನ್ ಅವರ ಕೈಯಲ್ಲಿ ದಶಕಗಳ ಕಾಲ ಬೆಳೆದು, ಬೇಟೆಯ ಮೃಗಕ್ಕೂ ಅದರ ಆಹಾರಕ್ಕೂ ಇರುವ ಸಂಬಂಧದ ಬಗೆಗೆ ಜಗತ್ತಿನಲ್ಲಿಯೇ ಅತಿ ದೀರ್ಘಕಾಲ ನಡೆದ ಅಧ್ಯಯನವೆಂದು ಹೆಸರಾಗಿದೆ.

ಕಥೆಯ ಹೂಟವನ್ನು ನೋಡಿ. ಅನ್ನಾ ಪಿಜನ್ ಆಗ ಕೆಲಸದಲ್ಲಿರುವ ರಾಕಿ ಪರ್ವತದ ಉದ್ಯಾನಕ್ಕೆ ಇಂದಲ್ಲ ನಾಳೆ ತೋಳಗಳು ಬಂದಾವು. ಆದುದರಿಂದ ತೋಳಗಳ ರೀತಿನೀತಿಗಳನ್ನು ಕಲಿಯಲು ಆಕೆ ಈ ತಂಡವನ್ನು ಸೇರುತ್ತಾಳೆ. ಅದೇ ಕಾಲಕ್ಕೆ ದೇಶದ ಆಂತರಿಕ ಭದ್ರತೆಯ ಇಲಾಖೆಗೆ ಒಂದು ಯೋಚನೆ ಹುಟ್ಟಿದೆ. ಗಡಿಯ ಕಾವಲಿಗಾಗಿ ದ್ವೀಪವನ್ನು ವರ್ಷವಿಡೀ ತೆರೆದಿಟ್ಟರೆ ಹೇಗೆ? ಹಾಗೆ ತೆರೆದರೆ ನಿರ್ಜನತೆಯನ್ನೇ ನೆಚ್ಚಿದ ಅಧ್ಯಯನ ಮುಗಿದಂತೆಯೇ. ಹೀಗೆ ಮುಗಿಸಬಂದವರೂ ಉಳಿಸಬಯಸುವವರೂ ಒಂದೇ ಒಲೆಯ ಸುತ್ತ ಕೂಡಬೇಕಾಗಿದೆ. ಹೊರಗೆ ರಕ್ತ ಹೆಪ್ಪುಗಟ್ಟುವ ಚಳಿ. ಅಷ್ಟರಲ್ಲಿ ತೋಳಗಳು ವಿಚಿತ್ರವಾಗಿ ವರ್ತಿಸತೊಡಗುತ್ತವೆ. ಹಿಮದ ಮೇಲೆ ಎಂದೂ ಕಾಣದಷ್ಟು ದೊಡ್ಡ ಹೆಜ್ಜೆಗಳು ಮೂಡುತ್ತವೆ. ವಿಮಾನದಿಂದ ಅನ್ನಾಳಿಗೆ ಮಹಾಗಾತ್ರದ ತೋಳವೊಂದು ಕಾಣುತ್ತದೆ. ಕೊನೆಗೆ ತಂಡದ ಹೆಂಗಸೊಬ್ಬಳ ದೇಹ ಸೀಳಿದ ಸ್ಥಿತಿಯಲ್ಲಿ ಸಿಗುತ್ತದೆ.

ಪತ್ತೇದಾರಿಯ ರುಚಿ ಬಲ್ಲವರು ಇದಕ್ಕಿಂತ ಉತ್ತಮವಾದ ಹೂಟವನ್ನು ಕೇಳಲಾರರು. ಬೀಗ ಹಾಕಿದ ಕೋಣೆಯಲ್ಲಿ ಕೊಲೆಯಾಗುವ ಕಥೆಗಳನ್ನು ಓದಿ ನಮಗೆ ಬೇಸರವಾಗಿದೆ. ಇಲ್ಲಿ ಬೀಗ ಹಾಕಿಕೊಂಡಿರುವುದು ಇಡೀ ದ್ವೀಪ. ಚಳಿಯ ವರ್ಣನೆಯಂತೂ ಸೊಗಸಾಗಿದೆ. ಹೊರಗೆ ಕಾಲಿಡಬೇಕಾದರೆ ಮೈಮೇಲೆ ಎಷ್ಟು ಪದರ ಬಟ್ಟೆ ಬೇಕು, ಹಿಮದಲ್ಲಿ ನಡೆದ ಮನುಷ್ಯನ ಉಸಿರು ಹೇಗಾಗುತ್ತದೆ, ಮೌನವೇ ಹೇಗೆ ಕಿವಿಯನ್ನು ಒತ್ತುತ್ತದೆ ಎಂಬುದನ್ನು ಅಲ್ಲಿ ಬಾಳಿದವರಲ್ಲದೆ ಬರೆಯಲಾರರು. ನಮ್ಮೂರಿನ ಸೆಖೆಯಲ್ಲಿ ಬೀಸಣಿಗೆಯ ಕೆಳಗೆ ಕುಳಿತಿದ್ದ ನಾನು ಕಾಲಿನ ಮೇಲೆ ಹೊದಿಕೆಯನ್ನು ಎಳೆದುಕೊಂಡೆನೆಂದರೆ ಲೇಖಕಿಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಬೇಡ.

ಹಾಗಾದರೆ ನಿರಾಶೆ ಎಲ್ಲಿ? ಅಪರಾಧಿ ಯಾರೆಂಬುದನ್ನು ನಾನು ಹೇಳುವುದಿಲ್ಲ. ಆ ಪಾಪ ಈ ಅಂಕಣಕ್ಕೆ ಬೇಡ. ಆದರೆ ಇಷ್ಟನ್ನು ಹೇಳಬಹುದು. ಪುಸ್ತಕದ ಮೊದಲರ್ಧವೆಲ್ಲ ನಮ್ಮ ಮೈನವಿರೇಳಿಸುವುದು ತೋಳದ ಭಯದಿಂದ. ಆದರೆ ಗಂಟು ಬಿಚ್ಚುವುದು ಮನುಷ್ಯನ ಹಳೆಯ ಕೇಡಿನಿಂದ. ಪ್ರಶ್ನೆಯನ್ನು ಕಾಡು ಕೇಳುತ್ತದೆ, ಉತ್ತರವನ್ನು ಊರು ಕೊಡುತ್ತದೆ. ಆ ಕೇಡು ಯಾವುದಾದರೂ ನಗರದ ಯಾವುದಾದರೂ ಮಹಡಿಯ ಮನೆಯಲ್ಲಿಯೂ ನಡೆಯಬಹುದಾಗಿತ್ತು. ಅದಕ್ಕೆ ಸುಪೀರಿಯರ್ ಸರೋವರವೂ ಬೇಕಿರಲಿಲ್ಲ, ಐವತ್ತು ವರ್ಷಗಳ ಅಧ್ಯಯನವೂ ಬೇಕಿರಲಿಲ್ಲ. ಕುರಿ ಕಾಯುವ ಹುಡುಗನು "ತೋಳ ಬಂತು ತೋಳ!" ಎಂದು ಕೂಗಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಲೇಖಕಿಯೂ ಹಾಗೆಯೇ ಕೂಗಿದರು. ನಾವು ದೊಣ್ಣೆ ಹಿಡಿದು ಓಡಿದೆವು. ಅಲ್ಲಿ ನಿಂತಿದ್ದುದು ಬೇರೆಯೇ ಪ್ರಾಣಿ, ಅದಕ್ಕೆ ಎರಡೇ ಕಾಲು.

ಓದುಗನನ್ನು ತಪ್ಪು ದಾರಿಗೆಳೆಯುವುದು ಪತ್ತೇದಾರಿಯ ಧರ್ಮವೇ ಅಲ್ಲವೆ ಎಂದು ನೀವು ಕೇಳಬಹುದು. ನಿಜ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ತಪ್ಪು ದಾರಿಗೂ ಒಂದು ನ್ಯಾಯವಿದೆ. ಹಿಂತಿರುಗಿ ನೋಡಿದಾಗ ಅದೂ ನಿಜವಾದ ದಾರಿಗೆ ಎಲ್ಲಿಯೋ ಕೂಡಿಕೊಂಡಿರಬೇಕು. ಇಲ್ಲಿ ತೋಳದ ಹೆಜ್ಜೆಗಳನ್ನು ಅಳೆದು ಮನಸ್ಸಿನಲ್ಲಿಟ್ಟುಕೊಂಡ ಓದುಗನಿಗೆ ಆ ಅಳತೆಯಿಂದ ದೊರೆತ ಲಾಭ ಅತ್ಯಲ್ಪ. ಅದಕ್ಕಿಂತ, ಒಲೆಯ ಸುತ್ತ ಕುಳಿತವರಲ್ಲಿ ಯಾರ ಮಾತು ನಮಗೆ ಹಿಡಿಸುವುದಿಲ್ಲವೆಂದು ನೋಡಿಕೊಂಡಿದ್ದರೆ ಸಾಕಾಗಿತ್ತು. ನಾನೂ ಹಾಗೆಯೇ ಮಾಡಿ, ಪುಸ್ತಕದ ನಡುವಿನಲ್ಲಿಯೇ ಒಂದು ಹೆಸರನ್ನು ಚೀಟಿಯಲ್ಲಿ ಬರೆದು ಮಡಿಸಿಟ್ಟೆ.

ಇನ್ನೂ ಹೆಚ್ಚಿನ ವ್ಯಥೆಯ ಸಂಗತಿಯೆಂದರೆ, ಈ ದ್ವೀಪದಲ್ಲಿ ನಿಜವಾದ ಪತ್ತೇದಾರಿಯೇ ನಡೆದಿತ್ತು. ಕಾದಂಬರಿಯಲ್ಲಿ ಅದು ಹಿನ್ನೆಲೆಯ ಪರದೆಯಾಗಿ ತೂಗಾಡಿತೇ ಹೊರತು ಬೆನ್ನೆಲುಬಾಗಲಿಲ್ಲ. ಆ ಪ್ರಕರಣವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯಾವುದು ಹೆಚ್ಚು ರೋಚಕವೆಂಬುದನ್ನು ವಾಚಕರೇ ತೀರ್ಮಾನಿಸಲಿ.

ನಮ್ಮ ಕಡವೆಗಿಂತ ಬಹು ದೊಡ್ಡದಾದ ಮೂಸ್ ಎಂಬ ಮೃಗ 20ನೆಯ ಶತಮಾನದ ಪ್ರಾರಂಭದಲ್ಲಿ ಈ ದ್ವೀಪಕ್ಕೆ ಬಂದಿತು. ತೋಳಗಳು ಬಂದದ್ದು 1940ರ ದಶಕದ ಕೊನೆಯಲ್ಲಿ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಹಿಮದ ಸೇತುವೆಯ ಮೇಲೆ ನಡೆದೇ ಬಂದುವು. 1980ರಲ್ಲಿ ಅವುಗಳ ಸಂಖ್ಯೆ 50ಕ್ಕೆ ಏರಿತು. ಎರಡೇ ವರ್ಷಗಳಲ್ಲಿ, 1982ರ ವೇಳೆಗೆ, ಅದು 14ಕ್ಕೆ ಇಳಿಯಿತು. ದ್ವೀಪದಲ್ಲಿ ಬೇಟೆಗಾರರಿಲ್ಲ, ಬೋನಿಲ್ಲ, ವಿಷವಿಲ್ಲ. ಹಾಗಾದರೆ ಕೊಂದವರಾರು? ತನಿಖೆ ನಡೆಯಿತು. ಸಿಕ್ಕಿದ ಅಪರಾಧಿ, ನಾಯಿಗಳಿಗೆ ತಗಲುವ ಪಾರ್ವೋ ಎಂಬ ವೈರಾಣು. ಆ ದ್ವೀಪಕ್ಕೆ ನಾಯಿಯನ್ನು ಕರೆದೊಯ್ಯುವುದು ನಿಷಿದ್ಧ. ಯಾರೋ ಪ್ರವಾಸಿಗರು ನಿಯಮವನ್ನು ಮುರಿದು ತಮ್ಮ ಮುದ್ದಿನ ನಾಯಿಯನ್ನು ತಂದಿರಬೇಕು, ಇಲ್ಲವೆ ರೋಗವನ್ನು ಪಾದರಕ್ಷೆಗಳಲ್ಲಿ ಹೊತ್ತು ಬಂದಿರಬೇಕು. ಕೊಲೆಗಾರನಿಗೆ ತಾನು ಕೊಲೆ ಮಾಡಿದೆನೆಂಬುದೇ ಇಂದಿಗೂ ತಿಳಿದಿರಲಾರದು. ಇಂತಹ ಅಪರಾಧಿಯನ್ನು ಯಾವ ಕಾದಂಬರಿಕಾರರು ಕಲ್ಪಿಸಿಯಾರು?

ರೋಗ ಮಾಯವಾದ ಮೇಲೆಯೂ ತೋಳಗಳು ಚೇತರಿಸಿಕೊಳ್ಳಲಿಲ್ಲ. ಇದು ಎರಡನೆಯ ಒಗಟು. ಸತ್ತ ತೋಳಗಳ ಬೆನ್ನುಮೂಳೆಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹುಟ್ಟಿನಿಂದಲೇ ಬಂದ ವಿಕಾರ ಕಂಡುಬಂದಿತು. ಸಣ್ಣ ದ್ವೀಪದಲ್ಲಿ ರಕ್ತಸಂಬಂಧಿಗಳೇ ಕೂಡಿ ಮರಿ ಹಾಕಿದುದರ ಫಲ ಅದು. ಈ ನಡುವೆ 1997ರಲ್ಲಿ ಒಬ್ಬ ಅಪರಿಚಿತ ಬಂದ. ಹಿಮದ ಮೇಲೆ ಏಕಾಂಗಿಯಾಗಿ ಸರೋವರವನ್ನು ದಾಟಿದ ಗಂಡು ತೋಳ. ದ್ವೀಪದ ಇತರ ತೋಳಗಳಿಗಿಂತ ಗಾತ್ರದಲ್ಲಿ ದೊಡ್ಡದು. ಅದು ಹೊರಗಿನದೆಂದು ಆಗ ಯಾರಿಗೂ ತಿಳಿಯಲಿಲ್ಲ. ತೋಳಗಳ ಮಲದಲ್ಲಿ ದೊರೆತ ವಂಶವಾಹಿಗಳನ್ನು ಪರೀಕ್ಷಿಸಿದ ಮೇಲೆಯೇ ಗುಟ್ಟು ಹೊರಬಿದ್ದಿತು. ವಯಸ್ಸಾದಂತೆ ಮೈಬಣ್ಣ ಬಿಳಿಚಿಕೊಂಡ ಆ ಪ್ರಾಣಿಗೆ 'ಮುದಿ ಬೂದುಬಣ್ಣದವ' ಎಂಬರ್ಥದ ಹೆಸರನ್ನಿಟ್ಟರು. ಹೊಸ ರಕ್ತ ಬಂದು ತೋಳಗಳು ಕೆಲಕಾಲ ನಳನಳಿಸಿದುವು. ಆದರೆ ಕೆಲವೇ ತಲೆಮಾರುಗಳಲ್ಲಿ ದ್ವೀಪದ ತೋಳಗಳೆಲ್ಲ ಅವನ ಸಂತತಿಯೇ ಆಗಿ, ಹಳೆಯ ಗಂಡಾಂತರ ಮತ್ತೆ ತಲೆಯೆತ್ತಿತು. ಉದ್ಧಾರಕ್ಕೆ ಬಂದವನ ಯಶಸ್ಸೇ ಮುಳುವಾದುದನ್ನು ನೋಡಿದರೆ ಪುರಾಣದ ಕಥೆಯೊಂದು ನೆನಪಾಗುವುದಿಲ್ಲವೆ?

ಮುಂದಿನದು ಇನ್ನೂ ದಾರುಣ. 2011-12ರ ಚಳಿಗಾಲದಲ್ಲಿ, 19ನೆಯ ಶತಮಾನದ ತಾಮ್ರದ ಗಣಿಯ ಪಾಳು ಗುಂಡಿಯೊಂದರಲ್ಲಿ ಮೂರು ತೋಳಗಳು ಬಿದ್ದು ಸತ್ತುವು. 2016ರಿಂದ 2018ರವರೆಗೆ ದ್ವೀಪದಲ್ಲಿ ಉಳಿದಿದ್ದುವು ಎರಡೇ ಎರಡು. ಅವು ತಂದೆ ಮಗಳು. ಒಂದೇ ತಾಯಿಯ ಮಕ್ಕಳು ಕೂಡ! ಹೊರಗಿನಿಂದ ಇನ್ನೊಬ್ಬ ಅಪರಿಚಿತ ಬರೋಣವೆಂದರೆ, ಜಗತ್ತು ಬಿಸಿಯೇರಿದಂತೆ ಹಿಮದ ಸೇತುವೆ ಕಟ್ಟುವುದೇ ಅಪರೂಪವಾಗಿತ್ತು. ಅತ್ತ ಮೂಸ್‌ಗಳು ಎರಡು ಸಾವಿರದಷ್ಟಾಗಿ ಕಾಡನ್ನು ಮೇಯತೊಡಗಿದುವು. ನಿಸರ್ಗವನ್ನು ಅದರ ಪಾಡಿಗೆ ಬಿಡಬೇಕೆ, ಕೈಹಾಕಬೇಕೆ ಎಂದು ವರ್ಷಗಳ ಕಾಲ ವಾದ ನಡೆದು, 2018 ಮತ್ತು 2019ರಲ್ಲಿ 19 ತೋಳಗಳನ್ನು ಹೊರಗಿನಿಂದ ತಂದು ಬಿಟ್ಟರು. 2024ರ ಎಣಿಕೆಯಲ್ಲಿ ತೋಳಗಳು ಸುಮಾರು 30, ಮೂಸ್‌ಗಳು ಸುಮಾರು 840.

ಇದರಲ್ಲಿ ಎಷ್ಟೋ ಸಂಗತಿಗಳು ಕಾದಂಬರಿ ಪ್ರಕಟವಾದ ಮೇಲೆ ಬೆಳಕಿಗೆ ಬಂದುವು. ಅವನ್ನು ಬರೆಯಲಿಲ್ಲವೆಂದು ಲೇಖಕಿಯನ್ನು ದೂರುವುದು ಅನ್ಯಾಯ. ಆದರೆ ಪತ್ತೆ ಹಚ್ಚುವ ವಿಧಾನ ಆಗಲೇ ಅಲ್ಲಿತ್ತು. ಆ ವಿಜ್ಞಾನಿಗಳು ಸತ್ತ ಮೂಸ್‌ಗಳ ಎಲುಬುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೂಡಿಹಾಕಿದ್ದಾರೆ. ಹಲ್ಲನ್ನು ಸೀಳಿ ಅದರ ಪದರಗಳಿಂದ ವಯಸ್ಸನ್ನು ಹೇಳುತ್ತಾರೆ. ಕೀಲುಗಳನ್ನು ನೋಡಿ ಸಂಧಿವಾತವಿತ್ತೆಂದು ಹೇಳುತ್ತಾರೆ. ಬಾಲ್ಯದಲ್ಲಿ ಹೊಟ್ಟೆಗಿಲ್ಲದೆ ಬೆಳೆದ ಮೂಸ್ ಮುಪ್ಪಿನಲ್ಲಿ ಕೀಲುನೋವಿಗೆ ಈಡಾಗುತ್ತದೆಂದೂ, ತೋಳಗಳಿಗೆ ಸಿಕ್ಕಿಬೀಳುವುದು ಹೆಚ್ಚಾಗಿ ಕರುಗಳೂ ಇಂತಹ ಮುದಿ ಮೃಗಗಳೂ ಎಂದೂ ಅವರು ಎಲುಬುಗಳಿಂದಲೇ ಓದಿದರು. ಅಂದಮೇಲೆ ತೋಳವು ಸಿಕ್ಕಿದ್ದನ್ನೆಲ್ಲ ಸೀಳುವ ರಾಕ್ಷಸನಲ್ಲ. ಒಂದು ಏಟಿಗೆ ತನ್ನ ಪಕ್ಕೆಲುಬನ್ನು ಮುರಿಯಬಲ್ಲ ಮೃಗದ ಮುಂದೆ ನಿಂತು, ಇದನ್ನು ಕೆಣಕಬಹುದೆ ಬಾರದೆ ಎಂದು ಲೆಕ್ಕ ಹಾಕುವ ಬಡ ಸಂಸಾರಿ. ಈ ವಿದ್ಯೆಯನ್ನು ಅನ್ನಾ ಪಿಜನಳ ಕೈಗೆ ಕೊಟ್ಟು, ಹೆಣದ ಗುಟ್ಟನ್ನು ಎಲುಬಿನಿಂದಲೇ ಬಿಡಿಸುವಂತೆ ಮಾಡಿದ್ದರೆ, ಆಹಾ, ನಾನು ಇನ್ನೆರಡು ರಾತ್ರಿಗಳನ್ನಾದರೂ ಸಂತೋಷದಿಂದ ಸಾಲ ಕೊಡುತ್ತಿದ್ದೆ.

ಒಂದು ಕಾದಂಬರಿ ಸಪ್ಪೆಯಾದುದಕ್ಕೆ ಇಷ್ಟೊಂದು ವ್ಯಾಖ್ಯಾನವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ತೋಳವನ್ನು ಕಣ್ಣಾರೆ ಕಂಡವರು ಕೆಲವರು. ಅದರ ಕಥೆ ಕೇಳಿದವರು ಎಲ್ಲರೂ. ಆದುದರಿಂದ ಅದರ ಸಾವು ಬದುಕುಗಳನ್ನು ಕಥೆಗಳೇ ನಿರ್ಣಯಿಸುತ್ತವೆ. ತೋಳ ಸಾಧುವೆಂದು ನಾನು ಹೇಳುತ್ತಿಲ್ಲ. 2024ರಲ್ಲಿ ಉತ್ತರಪ್ರದೇಶದ ಬಹ್‌ರೈಚ್ ಜಿಲ್ಲೆಯಲ್ಲಿ ಮಲಗಿದ್ದ ಕೂಸುಗಳನ್ನು ತೋಳಗಳು ಹೊತ್ತೊಯ್ದ ವಾರ್ತೆಯನ್ನು ನಾವು ಮರೆಯಲಾರೆವು. ಆ ತಾಯಂದಿರ ಮುಂದೆ ಪ್ರಾಣಿದಯೆಯ ಉಪನ್ಯಾಸ ಸಲ್ಲದು. ಕೆನಡಾದಲ್ಲಿಯೂ 2005ರಲ್ಲಿ ಸಸ್ಕಾಚವಾನ್ ಪ್ರಾಂತದ ಉತ್ತರದಲ್ಲಿ ಒಬ್ಬ ತರುಣನು ಕಾಡಿನಲ್ಲಿ ಸತ್ತುಬಿದ್ದಿದ್ದ. ಕೊಂದದ್ದು ತೋಳವೋ ಕರಡಿಯೋ ಎಂದು ಬಲ್ಲವರಲ್ಲಿಯೇ ವಾದವೆದ್ದಿತು. ಹಿಮದ ಮೇಲಿನ ಹೆಜ್ಜೆಗಳು, ಮೃಗ ತಿಂದ ರೀತಿ, ಎಲ್ಲವನ್ನೂ ಮುಂದಿಟ್ಟು ವಿಚಾರಣೆ ನಡೆಸಿ, 2007ರಲ್ಲಿ ಪಂಚಾಯಿತರು ತೋಳಗಳೇ ಎಂದು ತೀರ್ಪಿತ್ತರು. ಕಸದ ಗುಂಡಿಯ ಎಂಜಲಿಗೆ ಒಗ್ಗಿ ಮನುಷ್ಯರ ಭಯವನ್ನು ಕಳೆದುಕೊಂಡಿದ್ದ ತೋಳಗಳವು. ತೋಳವನ್ನು ಅಪರಾಧಿಯೆನ್ನುವುದಾದರೆ ಹೀಗೆ ಸಾಕ್ಷ್ಯದ ಮೇಲೆ ಎನ್ನಬೇಕು. ನಿರಪರಾಧಿಯೆಂದು ಬಿಡುವುದಾದರೂ ಸಾಕ್ಷ್ಯದ ಮೇಲೆಯೇ ಬಿಡಬೇಕು. ಪತ್ತೇದಾರಿ ಕಾದಂಬರಿ ಕಲಿಸಬೇಕಾದ ಪಾಠವೂ ಇದೇ ಅಲ್ಲವೆ? ಆಪಾದನೆಯನ್ನು ಕತ್ತಲಲ್ಲಿ ಹೊರಿಸಿ, ಬಿಡುಗಡೆಯನ್ನು ಅವಸರದಲ್ಲಿ ಕೊಟ್ಟರೆ, ಓದುಗನ ಮನಸ್ಸಿನಲ್ಲಿ ಉಳಿಯುವುದು ಬಿಡುಗಡೆಯಲ್ಲ, ಭಯ ಮಾತ್ರ.

ಕಾಡನ್ನು ಪರದೆಯಾಗಿಸದೆ ಪಾತ್ರವಾಗಿಸುವುದು ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯಿದೆ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ನೆನೆಯಿರಿ. ಅಲ್ಲಿ ಪತ್ತೇದಾರನೆಂದು ಹೆಸರು ಹೊತ್ತವರು ಯಾರೂ ಇಲ್ಲ. ಆದರೂ ಹಾರುವ ಓತಿಯೊಂದರ ಬೆನ್ನು ಹತ್ತಿ ಹೊರಟ ಆ ಗುಂಪಿನೊಡನೆ ನಾವೂ ಉಸಿರು ಬಿಗಿಹಿಡಿದು ನಡೆಯುತ್ತೇವೆ. ಏಕೆಂದರೆ ಅಲ್ಲಿ ಗುಟ್ಟು ಇರುವುದು ಕಾಡಿನಲ್ಲಿಯೇ. ಉತ್ತರವನ್ನು ಕೊಡುವುದೂ ಬಿಡುವುದೂ ಕಾಡಿನ ಇಷ್ಟ.

ಪುಸ್ತಕವನ್ನು ಹಿಂತಿರುಗಿಸಲು ಹೋದಾಗ ಮಡಿಸಿದ ಚೀಟಿಯನ್ನು ಅದರೊಡನೆಯೇ ಕೊಟ್ಟೆ. ರೇಂಜರ್ ಸಾಹೇಬರು ಬಿಡಿಸಿ ಓದಿ, ಒಳಗೆ ತಿರುಗಿ, "ಹೋಳಿಗೆಗೆ ಬೇಳೆ ಹಾಕಮ್ಮ" ಎಂದು ಸೊಸೆಗೆ ಹೇಳಿದರು. ನಾನು ಗೆದ್ದಿದ್ದೆ. ಆದರೂ ನನ್ನ ಮುಖದಲ್ಲಿ ಗೆಲವಿಲ್ಲದುದನ್ನು ಕಂಡು ನಕ್ಕರು. "ನನಗೂ ಹಾಗೆಯೇ ಆಯಿತು ಸ್ವಾಮಿ. ನಮ್ಮ ಕೆಲಸದ ದಿನಗಳಲ್ಲಿ ಕಾಡಿನೊಳಗೆ ಏನಾದರೂ ಸತ್ತು ಬಿದ್ದಿದ್ದರೆ ಮೊದಲು ಹೆಜ್ಜೆ ನೋಡುತ್ತಿದ್ದೆವು, ಆಮೇಲೆ ಬೇಕಾದರೆ ಹೆದರುತ್ತಿದ್ದೆವು. ಈ ಪುಸ್ತಕದಲ್ಲಿ ಮೊದಲು ಹೆದರಿಸುತ್ತಾರೆ, ಆಮೇಲೆ ಹೆಜ್ಜೆಯನ್ನು ಅಳಿಸಿಬಿಡುತ್ತಾರೆ."

ವಾಚಕರಲ್ಲಿ ಯಾರಾದರೂ ಈ ಕಾದಂಬರಿಯನ್ನು ಓದಬಹುದೆ ಎಂದು ಕೇಳಿದರೆ, ಬೇಡವೆನ್ನಲಾರೆ. ಚಳಿಗಾಗಿ ಓದಿ, ಹಿಮಕ್ಕಾಗಿ ಓದಿ, ನಿರ್ಜನವಾದ ಆ ದ್ವೀಪಕ್ಕಾಗಿ ಓದಿ. ಕೊಲೆಯ ಗುಟ್ಟಿಗಾಗಿ ನಿದ್ರೆಗೆಡಬೇಡಿ. ನನ್ನ ಮಟ್ಟಿಗೆ, ಸಾಲ ಪೂರ್ತಿ ಮುಳುಗಿತೆಂದು ಹೇಳುವಂತಿಲ್ಲ. ಅಸಲು ಬಾರದಿದ್ದರೂ ಬಡ್ಡಿಯ ಲೆಕ್ಕಕ್ಕೆ ನಾಲ್ಕು ಹೋಳಿಗೆ ಬಂದಿತು. ತುಪ್ಪ ಧಾರಾಳವಾಗಿಯೇ ಇತ್ತು.